ಹೊಳಿ ಕಡೆ ಮುಖ

ನಮ್ಮ ಹೊಸ ಮನೆಯ ಪಡಸಾಲೆಯಲ್ಲಿ ಒಂದು ಮೊಳೆ ಎರಡು ವರ್ಷ ಖಾಲಿ ಇತ್ತು.

ಗೋಡೆಯ ಮೇಲೆ ಬಸವಣ್ಣನವರ ಫೋಟೊ ಇದೆ. ಪಕ್ಕದಲ್ಲಿ ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳ ಫೋಟೊ. ಆಮೇಲೆ ಅಪ್ಪ-ಅವ್ವನ ಮದುವೆ ಫೋಟೊ, ಕರಿ ಗೌನ್ ಹಾಕಿಕೊಂಡ ನನ್ನ ಕಾನ್ವೊಕೇಷನ್ ಫೋಟೊ. ಇವುಗಳ ನಡುವೆ ಕಾಕಾ ಬೇಕಂತಲೇ ಒಂದು ಮೊಳೆ ಹೊಡೆಸಿ ಬಿಟ್ಟಿದ್ದ. "ಅಲ್ಲಿ ಅಪ್ಪನ ಫೋಟೊ ಬರ್ಬೇಕು" ಅಂತ.

ಅಪ್ಪ ಅಂದರೆ ನನ್ನ ಮುತ್ಯಾ. ನಮ್ಮ ಜಮಖಂಡಿ ಕಡೆ ತಾತನಿಗೆ ಮುತ್ಯಾ ಅಂತೀವಿ, ಅಜ್ಜಿಗೆ ಆಯಿ.

ಸಮಸ್ಯೆ ಏನಂದರೆ ಮುತ್ಯಾನ ಫೋಟೊನೇ ಇರಲಿಲ್ಲ. ಅವನ ಮದುವೆಯಲ್ಲಿ ಫೋಟೊ ತೆಗೆಸಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಬರೀ ಹೆಸರಿತ್ತು. ಫೋಟೊ ಇರುವ ಮತದಾರರ ಗುರುತಿನ ಚೀಟಿ ದೇಶದಲ್ಲಿ ಶುರುವಾಗಿದ್ದು 1993ರಲ್ಲಿ, ಟಿ.ಎನ್. ಶೇಷನ್ ಚುನಾವಣಾ ಆಯುಕ್ತರಾಗಿದ್ದಾಗ. ಮುತ್ಯಾ ತೀರಿಕೊಂಡಿದ್ದು 1992ರಲ್ಲಿ. ಸರ್ಕಾರ ಅವನ ಮುಖ ನೋಡೋಕೆ ತಯಾರಾಗೋ ಹೊತ್ತಿಗೆ ಅವನೇ ಇರಲಿಲ್ಲ. ನಾನಂತೂ ಆಮೇಲೆ ಹುಟ್ಟಿದವನು, ಅವನನ್ನು ನೋಡೇ ಇಲ್ಲ.

ಇದ್ದಿದ್ದು ಒಂದೇ ಒಂದು ಗುಂಪು ಫೋಟೊ. 1989ರದ್ದು. ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಗೆ ರೈತರೇ ಬ್ಯಾರೇಜ್ ಕಟ್ಟುವಾಗ ಯಾರೋ ತೆಗೆದದ್ದು. ಮೂವತ್ತು ನಲವತ್ತು ಜನ, ಬುಟ್ಟಿ, ಸಲಿಕೆ, ಅರ್ಧ ಎದ್ದ ಗೋಡೆ, ಹಿಂದೆ ನೀರು. ನೆರೆಮನೆಯವರ ಟ್ರಂಕಿನಲ್ಲಿ ಸಿಕ್ಕಿತು. ಅಂಚಿಗೆಲ್ಲಾ ಬೂಷ್ಟು ಹಿಡಿದಿತ್ತು. ಹಿಂದಿನ ಸಾಲಿನಲ್ಲಿ ರುಮಾಲು ಸುತ್ತಿಕೊಂಡ ಒಬ್ಬ ಗಂಡಸಿನ ಮೇಲೆ ಕಾಕಾ ಬೆರಳಿಟ್ಟು, "ಇಂವಾನ ಅಪ್ಪ" ಅಂದ. ಮುಖ ಎಳ್ಳುಕಾಳಿನಷ್ಟಿತ್ತು.

"ನೀ ಸಾಫ್ಟ್‌ವೇರ್ ಇಂಜಿನಿಯರ್ ಅದಿ. ಒಂದ್ ಫೋಟೊ ದೊಡ್ಡದ ಮಾಡಾಕ ಬರೂದಿಲ್ಲೇನ ನಿನಗ?"

ಚಲೋ ಅದಾನ, ಆದ್ರ ಯಾರಿಂವಾ?

ಬೆಂಗಳೂರಿಗೆ ಬಂದು ಒಂದು ಶನಿವಾರ ಅದಕ್ಕೇ ಕೂತೆ. ಸ್ಕ್ಯಾನ್ ಮಾಡಿದೆ, ಕ್ರಾಪ್ ಮಾಡಿದೆ, ಎಐ ಟೂಲ್‌ಗೆ ಹಾಕಿದೆ. ಅರ್ಧ ನಿಮಿಷದಲ್ಲಿ ಮುತ್ಯಾ ಬಂದ. ಗುಂಡು ಮುಖ, ಟ್ರಿಮ್ ಮಾಡಿದ ಮೀಸೆ, ತಿದ್ದಿದ ಹುಬ್ಬು, ಟೂತ್‌ಪೇಸ್ಟ್ ಜಾಹೀರಾತಿನ ಹಲ್ಲು. ಸೀರಿಯಲ್‌ನಲ್ಲಿ ಬರುವ ಶ್ರೀಮಂತ ಮಾವನ ಥರ ಇದ್ದ.

ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಹಾರ್ಟ್‌ಗಳ ಮಳೆ. ಕಾಕಾ ಅಂತೂ ಅವತ್ತೇ ಫ್ರೇಮ್ ಅಂಗಡಿಗೆ ಹೊರಟಿದ್ದ. ಅವ್ವ ಫೋನನ್ನು ಆಯಿಯ ಕಣ್ಣ ಹತ್ತಿರ ಹಿಡಿದು ತೋರಿಸಿದಳಂತೆ. ಆಯಿ ಬಹಳ ಹೊತ್ತು ನೋಡಿ ಕೇಳಿದ್ದು ಇಷ್ಟೇ: "ಚಲೋ ಅದಾನ. ಆದ್ರ ಯಾರಿಂವಾ?"

ಕೆಲಸದಲ್ಲಿ ದಿನಾ ಡೇಟಾ ಜೊತೆ ಒದ್ದಾಡುವವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಆ ಮುಖ ಇದ್ದದ್ದು ಹೆಚ್ಚೆಂದರೆ ಹದಿನೈದು ಪಿಕ್ಸೆಲ್ ಅಗಲ. ಅಷ್ಟರಲ್ಲಿ ಮೂಗಿನ ಆಕಾರವೂ ಇಲ್ಲ, ಕಣ್ಣಿನ ಬಣ್ಣವೂ ಇಲ್ಲ. ಇಲ್ಲದ್ದನ್ನು ಯಾವ ಟೂಲೂ "ಸರಿ" ಮಾಡಲ್ಲ. ತಾನು ಕಲಿಯುವಾಗ ನೋಡಿದ ಲಕ್ಷಾಂತರ ಬೇರೆಯವರ ಮುಖಗಳಿಂದ ಒಂದು ಮುಖ ಹೊಲಿದು ಕೊಡುತ್ತದೆ, ಅಷ್ಟೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ 'ಪಲ್ಸ್' ಅನ್ನುವ ಪ್ರೋಗ್ರಾಂಗೆ ಬರಾಕ್ ಒಬಾಮಾರ ಮಸುಕು ಫೋಟೊ ಕೊಟ್ಟರೆ ಅದು ಒಬ್ಬ ಬಿಳಿಯನ ಮುಖ ಕೊಟ್ಟಿತ್ತು. ಜಗತ್ತಿಗೆಲ್ಲ ಗೊತ್ತಿರುವ ಮುಖಕ್ಕೇ ಆ ಗತಿ. ಇನ್ನು ಕೃಷ್ಣಾ ದಂಡೆಯ ರೈತನ ಮುಖ ಯಾವ ಲೆಕ್ಕ!

ಆ ಚಿತ್ರ ಡಿಲೀಟ್ ಮಾಡಿದೆ. ಆದರೆ ಗ್ರೂಪಿನಲ್ಲಿ ಅದಾಗಲೇ ಮೂರು ಜನ ಡಿಪಿ ಮಾಡಿಕೊಂಡಿದ್ದರು.

ಮುಖ ಒರೆಸುವ ಪೇಂಟರ್

ಈ ಕತೆ ಆಫೀಸಿನಲ್ಲಿ ಹೇಳಿದಾಗ ಡಿಸೈನ್ ಟೀಮಿನ ಗೆಳತಿಯೊಬ್ಬಳು ಒಂದು ಲಿಂಕ್ ಕಳಿಸಿದಳು. ಜೇಕ್ ವುಡ್-ಈವನ್ಸ್ ಅನ್ನುವ ಬ್ರಿಟನ್ನಿನ ಪೇಂಟರ್. ಈಗಿನ ಕಾಲದವನೇ.

ಅವನು ಮಾಡೋದು ನನ್ನ ಟೂಲ್ ಮಾಡಿದ್ದಕ್ಕೆ ಪೂರ್ತಿ ಉಲ್ಟಾ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಗೇನ್ಸ್‌ಬರೋ, ರೆನಾಲ್ಡ್ಸ್ ಥರದ ಕಲಾವಿದರು ಜಮೀನ್ದಾರರು, ಸೇನಾಧಿಕಾರಿಗಳು, ಅವರ ಹೆಂಡಂದಿರ ಭಾವಚಿತ್ರ ಬರೆದಿದ್ದರಲ್ಲ, ಆ ಚಿತ್ರಗಳನ್ನೇ ಇವನು ಎಣ್ಣೆಬಣ್ಣದಲ್ಲಿ ಮತ್ತೆ ಕೈಗೆತ್ತಿಕೊಳ್ಳುತ್ತಾನೆ. ಬರೆದದ್ದನ್ನು ಕೆರೆಯುತ್ತಾನೆ, ಒರೆಸುತ್ತಾನೆ. ರೇಷ್ಮೆ ಗೌನು ಮೋಡವಾಗುತ್ತದೆ. ಭುಜ ಗುಡ್ಡವಾಗುತ್ತದೆ. ಮುಖ ಇರಬೇಕಾದ ಜಾಗದಲ್ಲಿ ಮಂಜು. ದೂರದಿಂದ ನೋಡಿದರೆ ಒಬ್ಬರು ನಿಂತಿದ್ದಾರೆ ಅನಿಸುತ್ತದೆ. ಹತ್ತಿರ ಹೋದರೆ ಬರೀ ಮಳೆ ಬರುವ ಮುಂಚಿನ ಬಯಲು.

ಮೊದಲು ನನಗೆ ಸಿಟ್ಟೇ ಬಂತು. ಮುನ್ನೂರು ವರ್ಷದಿಂದ ಮುಖ ಉಳಿಸಿಕೊಂಡವರ ಮುಖ ಒರೆಸೋದು ಅವನಿಗೆ ಆಟ. ಇಲ್ಲಿ ನಾವು ಒಂದು ಮುಖಕ್ಕಾಗಿ ಪರದಾಡ್ತಿದೀವಿ.

ಆದರೂ ಸ್ಕ್ರೋಲ್ ಮಾಡುತ್ತಾ ಹೋದೆ. ಅಲ್ಲಿಂದ ಗೇನ್ಸ್‌ಬರೋನ ಮೂಲ ಚಿತ್ರಗಳಿಗೆ ಬಂದೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಇರುವ 'ಮಿಸ್ಟರ್ ಆ್ಯಂಡ್ ಮಿಸೆಸ್ ಆ್ಯಂಡ್ರ್ಯೂಸ್' ಅನ್ನುವ ಚಿತ್ರದ ಮುಂದೆ ನನ್ನ ಬೆರಳು ನಿಂತಿತು. ಸುಮಾರು 1750ರದ್ದು. ಎಡಗಡೆ ಮರದ ಕೆಳಗೆ ಹೊಸದಾಗಿ ಮದುವೆಯಾದ ಗಂಡ-ಹೆಂಡತಿ, ಗಂಡನ ಕಂಕುಳಲ್ಲಿ ಬಂದೂಕು, ಪಕ್ಕದಲ್ಲಿ ನಾಯಿ. ಬಲಗಡೆ ಪೂರ್ತಿ ಅವರ ಹೊಲ. ಕೊಯ್ದು ಕಟ್ಟಿದ ಪೈರಿನ ಸಿವುಡುಗಳು ಸಾಲಾಗಿ ನಿಂತಿವೆ.

ಜೂಮ್ ಮಾಡಿ ಹುಡುಕಿದೆ. ಕೊಯ್ದವರು ಯಾರೂ ಇಲ್ಲ.

ಸಿವುಡು ತಾನಾಗೇ ಕಟ್ಟಿಕೊಳ್ಳುತ್ತದಾ? ಹೊಲ ಮಾಡಿದವರೆಲ್ಲ ಆ ಚಿತ್ರದಲ್ಲಿ ಇದ್ದಾರೆ, ಆದರೆ ಹೊಲವಾಗಿ ಇದ್ದಾರೆ. ಮುಖ ಇರುವವರಿಗೆ ಭಾವಚಿತ್ರ, ಇಲ್ಲದವರಿಗೆ ಅದರ ಹಿಂದಿನ ನಿಸರ್ಗಚಿತ್ರ. ಇನ್ನೊಂದು ವಿಚಿತ್ರ ಅಂದರೆ ಆ ಹೆಂಡತಿಯ ಮಡಿಲಲ್ಲಿ ಒಂದು ತುಂಡು ಜಾಗ ಬಣ್ಣವಿಲ್ಲದೆ ಅಪೂರ್ಣ ಉಳಿದಿದೆ. ಇವತ್ತಿಗೂ ಹಾಗೇ ಇದೆ. ನಮ್ಮನೆ ಮೊಳೆ ನೆನಪಾಯಿತು.

ನಮ್ಮವರಲ್ಲೂ ಇಂಥದ್ದು ಉಂಟಾ ಅಂತ ಹುಡುಕಿದೆ. ಶಿಮ್ಲಾದಲ್ಲಿ ಹುಟ್ಟಿದ ರಾಮಕುಮಾರ್ 1950ರ ದಶಕದಲ್ಲಿ ಪಟ್ಟಣದ ಬಡವರ, ಕೆಲಸವಿಲ್ಲದವರ ಬಾಡಿದ ಮುಖಗಳನ್ನು ಬರೀತಿದ್ದರು. 1960ರ ಸುಮಾರಿಗೆ ಹುಸೇನ್ ಜೊತೆ ಕಾಶಿಗೆ ಹೋಗಿ ಬಂದರು. ಅಲ್ಲಿಂದ ಅವರ ಚಿತ್ರಗಳಲ್ಲಿ ಮನುಷ್ಯರೇ ಮಾಯ. ಘಾಟು, ಮನೆ, ನೀರು, ಆಮೇಲೆ ಅವೂ ಕರಗಿ ಬರೀ ಬಣ್ಣದ ತುಂಡುಗಳು. ಆದರೆ ಆ ಬಾಡಿದ ಮುಖದ ಬೂದುಬಣ್ಣ ಮಾತ್ರ ಉಳಿದುಕೊಂಡಿದೆ ಅಂತ ನನಗೆ ಅನಿಸುತ್ತದೆ.

ನಮ್ಮ ಎಸ್.ಜಿ. ವಾಸುದೇವ್, 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ತಮ್ಮ ಒಂದು ಸರಣಿಗೆ 'ಹ್ಯೂಮನ್‌ಸ್ಕೇಪ್ಸ್' ಅಂತಲೇ ಹೆಸರಿಟ್ಟಿದ್ದಾರೆ. ಲ್ಯಾಂಡ್‌ಸ್ಕೇಪ್ ಅನ್ನುವ ಪದದಲ್ಲಿ ಭೂಮಿ ತೆಗೆದು ಮನುಷ್ಯನನ್ನು ಕೂರಿಸಿದ್ದಾರೆ. ಬೆಂಗಳೂರಿನ ಎನ್. ಪುಷ್ಪಮಾಲಾ ಇನ್ನೊಂದು ದಾರಿ ಹಿಡಿದರು. 2000ದಿಂದ 2004ರವರೆಗೆ ಫೋಟೊಗ್ರಾಫರ್ ಕ್ಲೇರ್ ಆರ್ನಿ ಜೊತೆ ಸೇರಿ ರವಿವರ್ಮನ ಹೆಂಗಸರಂಥ ಹಳೇ ಚಿತ್ರಗಳನ್ನು ಮತ್ತೆ ಕಟ್ಟಿ, ಒಳಗೆ ತಾವೇ ವೇಷ ಹಾಕಿ ನಿಂತರು. ಅಂದರೆ ಆ ಚೌಕಟ್ಟಿನಲ್ಲಿ ಯಾರ ಮುಖ ಇರಬೇಕು ಅನ್ನೋದೇ ಪ್ರಶ್ನೆ.

ಆ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡೇ ಶುಕ್ರವಾರ ರಾತ್ರಿ ಜಮಖಂಡಿ ಬಸ್ ಹತ್ತಿದೆ.

ರಾಜರ ಊರಿನಿಂದ ಬೆವರಿನ ಸಾಗರಕ್ಕೆ

ಬೆಳಿಗ್ಗೆ ಬಸ್ ಜಮಖಂಡಿ ಮುಟ್ಟುವಾಗ ಎಲ್ಲರಿಗಿಂತ ಮೊದಲು ಎದ್ದು ನಿಲ್ಲೋದು ರಾಮತೀರ್ಥದ ಗುಡ್ಡ. ಅದರ ಮೇಲೆ ಪಟವರ್ಧನರ ಅರಮನೆ. ಜಮಖಂಡಿ ಸಂಸ್ಥಾನ 1948ರಲ್ಲಿ ಭಾರತದಲ್ಲಿ ವಿಲೀನವಾಯಿತು. ಕೊನೆಯ ರಾಜ ಶಂಕರರಾವ್ ಪಟವರ್ಧನ್. ಆ ಕಾಲದ ಸಂಸ್ಥಾನಿಕರ ಭಾವಚಿತ್ರಗಳನ್ನು ನೀವೂ ಎಲ್ಲಾದರೂ ಮ್ಯೂಸಿಯಂನಲ್ಲಿ ನೋಡಿರುತ್ತೀರಿ. ಪೇಟ, ಮುತ್ತಿನ ಸರ, ಕತ್ತಿಯ ಹಿಡಿಯ ಮೇಲೆ ಕೈ, ಪಕ್ಕಕ್ಕೆ ಸರಿಸಿದ ಪರದೆ. ಪರದೆಯ ಸಂದಿಯಲ್ಲಿ ಒಂದು ಚೂರು ಹೊರಗಿನ ಬಯಲು ಕಾಣುತ್ತದೆ.

ಆ ಒಂದು ಚೂರು ಬಯಲಿನಲ್ಲೇ ನನ್ನ ಪೈಕಿಯವರೆಲ್ಲ ಇದ್ದದ್ದು.

ಜಮಖಂಡಿಯಿಂದ ವಿಜಯಪುರದ ರಸ್ತೆ ಹಿಡಿದರೆ ಚಿಕ್ಕಪಡಸಲಗಿ. ಎರಡೂ ಕಡೆ ಕಬ್ಬು. ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಒಂದೊಂದರಲ್ಲೂ ಕಿವಿ ಒಡೆಯುವಂಥ ಜಾನಪದ ಹಾಡು. ಆಮೇಲೆ ಒಮ್ಮೆಲೇ ಕಬ್ಬು ಮುಗಿದು ಕೃಷ್ಣೆಯ ಸೇತುವೆ ಬರುತ್ತದೆ. ಬಸ್ಸಿನಲ್ಲಿ ಕೂತ ಹೆಂಗಸರು ಕಿಟಕಿಯಿಂದ ಹೊಳೆಗೆ ಕೈ ಮುಗಿಯುತ್ತಾರೆ.

ಸ್ಕೂಟರ್ ನಿಲ್ಲಿಸಿ ದಂಡೆಗಿಳಿದೆ. ಬ್ಯಾರೇಜ್ ನೋಡೋಕೆ ಟೂರಿಸ್ಟ್ ಸ್ಪಾಟ್ ಥರ ಏನಿಲ್ಲ. ಸಾಲು ಕಂಬ, ನಡುವೆ ಗೇಟು, ಒಂದು ಕಡೆ ತುಂಬಿ ನಿಂತ ಹಸಿರು ನೀರು, ದಂಡೆಯುದ್ದಕ್ಕೂ ಪಂಪ್‌ಸೆಟ್ಟಿನ ಪೈಪುಗಳು. ಸೆಲ್ಫಿಗೆ ಬರುವವರು ಬೇಸರ ಮಾಡಿಕೊಂಡು ಹೋಗಬಹುದು. ಆದರೆ ಇದರ ಕತೆ ಗೊತ್ತಿದ್ದರೆ ಕಾಲು ಅಲ್ಲೇ ನಿಲ್ಲುತ್ತದೆ.

ಹಿಂದೆ ಬೇಸಿಗೆ ಬಂತೆಂದರೆ ಕೃಷ್ಣೆ ಇಲ್ಲಿ ಮರಳಾಗುತ್ತಿದ್ದಳು. ಮಳೆಗಾಲದಲ್ಲಿ ಮನೆ ಬಾಗಿಲಿಗೆ ಬರುವ ಹೊಳೆ, ಬೇಸಿಗೆಯಲ್ಲಿ ಕೊಡ ನೀರಿಗೆ ವರತಿ ತೋಡಿಸುತ್ತಿತ್ತು. ದಂಡೆಯ ಮೇಲೇ ಹೊಲ ಇದ್ದೂ ಪೈರು ಒಣಗುತ್ತಿತ್ತು. ಸರ್ಕಾರ ಕಟ್ಟಿಕೊಡಲಿ ಅಂತ ಕಾದು ಸಾಕಾಗಿ ಈ ಭಾಗದ ರೈತರು ಕೃಷ್ಣಾ ತೀರ ರೈತ ಸಂಘ ಕಟ್ಟಿಕೊಂಡರು. ಮುಂದೆ ನಿಂತವರು ಸಿದ್ದು ನ್ಯಾಮಗೌಡರು. ರೈತರೇ ದುಡ್ಡು ಹಾಕಿದರು, ಮೈಮುರಿದು ದುಡಿದರು. 1989ರಲ್ಲಿ ಬ್ಯಾರೇಜ್ ಎದ್ದು ನಿಂತಿತು. ಆಗ ಇದು ಇನ್ನೂ ಅಖಂಡ ವಿಜಾಪುರ ಜಿಲ್ಲೆ. ಬಾಗಲಕೋಟೆ ಜಿಲ್ಲೆ ಆಗಿದ್ದು 1997ರಲ್ಲಿ.

ನ್ಯಾಮಗೌಡರಿಗೆ 'ಬ್ಯಾರೇಜ್ ಸಿದ್ದು' ಅಂತಲೇ ಹೆಸರಾಯಿತು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಲ್ಲಿ ಅವರು ಸೋಲಿಸಿದ್ದು ರಾಮಕೃಷ್ಣ ಹೆಗಡೆಯವರಂಥ ಮಾಜಿ ಮುಖ್ಯಮಂತ್ರಿಯನ್ನ. ಮುಂದೆ ಕೇಂದ್ರದಲ್ಲಿ ಮಂತ್ರಿಯಾದರು, ಜಮಖಂಡಿ ಶಾಸಕರಾದರು. 2018ರ ಮೇ ತಿಂಗಳಲ್ಲಿ, ಎರಡನೇ ಸಲ ಶಾಸಕರಾಗಿ ಗೆದ್ದ ಎರಡೇ ವಾರದಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಫೋಟೊ ಈ ಕಡೆ ಎಷ್ಟೋ ಮನೆಗಳಲ್ಲಿದೆ. ಇರಬೇಕಾದದ್ದೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಈ ನೀರಿಗೆ ಇಟ್ಟ ಹೆಸರು.

ನಮ್ಮ ಸುತ್ತಲಿನ ಜಲಾಶಯಗಳ ಹೆಸರು ಒಮ್ಮೆ ಜೋಡಿಸಿ ನೋಡಿ. ಆಲಮಟ್ಟಿ ಅಂದರೆ ಲಾಲ್ ಬಹಾದೂರ್ ಶಾಸ್ತ್ರಿ ಸಾಗರ. ನಾರಾಯಣಪುರ ಅಂದರೆ ಬಸವಸಾಗರ. ಹಿಡಕಲ್ ಅಂದರೆ ರಾಜಾ ಲಖಮಗೌಡ ಜಲಾಶಯ. ದೊಡ್ಡವರ ಹೆಸರುಗಳು. ಒಂಥರಾ ನೀರಿನ ಮೇಲೆ ಬರೆದ ಭಾವಚಿತ್ರಗಳು. ಚಿಕ್ಕಪಡಸಲಗಿಯ ಈ ಸಣ್ಣ ಬ್ಯಾರೇಜಿಗೆ ಇಟ್ಟ ಹೆಸರು 'ಶ್ರಮಬಿಂದು ಸಾಗರ'. ಬೆವರ ಹನಿಯ ಸಾಗರ. ಇದರಲ್ಲಿ ಯಾರ ಮುಖವೂ ಇಲ್ಲ, ಅದಕ್ಕೇ ಎಲ್ಲರೂ ಇದ್ದಾರೆ.

ಲಂಡನ್ನಿನ ಆ ಹೊಲದ ಚಿತ್ರದಲ್ಲಿ ಕೊಯ್ದವರ ಹೆಸರು ಯಾರೂ ಬರೆಯಲಿಲ್ಲ. ಇಲ್ಲಿ ಹೆಸರಿನಲ್ಲೇ ಬರೆದಿದ್ದಾರೆ.

ಹಾಗಂತ ಇದೇ ಶಾಶ್ವತ ಅಂತ ಸಮಾಧಾನ ಮಾಡಿಕೊಳ್ಳೋಕೂ ಆಗಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಜಮಖಂಡಿ ತಾಲೂಕಿನ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಆಲಮಟ್ಟಿಯ ಎತ್ತರ 519.60 ಮೀಟರಿನಿಂದ 524.256ಕ್ಕೆ ಏರುವ ಮಾತು ವರ್ಷಗಳಿಂದ ನಡೆದಿದೆ. ದಶಾಂಶದ ಮೂರನೇ ಅಂಕಿಯವರೆಗೆ ಈ ಸಂಖ್ಯೆ ನಮ್ಮ ಕಡೆ ಚಹಾದಂಗಡಿಯಲ್ಲಿ ಕೂತವರಿಗೂ ಬಾಯಿಪಾಠ. ಹಳೇ ಬಾಗಲಕೋಟೆಯ ಓಣಿಗಳು ಹಿನ್ನೀರಿನಲ್ಲಿ ಮುಳುಗಿದ್ದನ್ನು ಕಂಡವರು ಇವರು. ಫೋಟೊ ಮಾತ್ರ ಅಲ್ಲ, ನೆಲವೂ ಮಸುಕಾಗುತ್ತದೆ.

ಎಡಗಾಲ ಮ್ಯಾಲ ಭಾರ

ಜಮಖಂಡಿಯಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು ಇದ್ದಾರೆ. ತೀರಿಕೊಂಡವರ ಭಾವಚಿತ್ರ ಬರೆದುಕೊಡುತ್ತಾರೆ. ಕಾಕಾನಿಗೆ ಎಐ ಮುತ್ಯಾ ಹೋದ ಬೇಸರ ಇನ್ನೂ ಇತ್ತು. "ಮಷಿನ್ ಬ್ಯಾಡಂದ್ರ ಮನಷ್ಯಾರ ಕಡೆ ಬರಸೂಣು" ಅಂತ ಅವರನ್ನು ಮನೆಗೆ ಕರೆದುಕೊಂಡು ಬಂದ. ನಾನು ಆ ಗುಂಪು ಫೋಟೊವನ್ನು ಜಮಖಂಡಿಯ ಸ್ಟುಡಿಯೋದಲ್ಲಿ ಎರಡು ಅಡಿ ಅಗಲ ಪ್ರಿಂಟ್ ಹಾಕಿಸಿ ತಂದಿದ್ದೆ.

ಮಾಸ್ತರರು ಆಯಿಯ ಎದುರು ಕೂತು ಪೆನ್ಸಿಲ್ ತೆಗೆದರು.

"ಯವ್ವಾ, ಯಜಮಾನ್ರ ಮೂಗ ಹ್ಯಾಂಗಿತ್ರಿ?"

"ಮೂಗೇನ್ರಿ, ಎಲ್ಲಾರಿಗೂ ಇರೂ ಹಂಗ ಇತ್ತು."

"ಮೀಸಿ?"

"ಇತ್ತು. ಒಮ್ಮೊಮ್ಮಿ ಇರ್ತಿರಲಿಲ್ಲ."

ನಾವೆಲ್ಲ ನಕ್ಕೆವು. ಆಯಿ ನಗಲಿಲ್ಲ. ನೆನಪು ಮಾಡಿಕೊಳ್ಳೋಕೆ ಒದ್ದಾಡುತ್ತಿದ್ದಳು. ಮೂವತ್ತು ವರ್ಷ ದಾಟಿದೆ. ಒಂದೂ ಫೋಟೊ ಇಲ್ಲದೆ ಮುಖವೊಂದನ್ನು ಅಷ್ಟು ವರ್ಷ ಹಿಡಿದಿಡೋದು ಎಷ್ಟು ಕಷ್ಟ ಅಂತ ನನಗೆ ಆಗ ತಿಳಿಯಿತು. ಆಕೆಗೆ ಮುಖ ಮರೆತಿದೆ ಅನ್ನೋದು ನಮ್ಮೆದುರು ಗೊತ್ತಾಗಿಬಿಡುತ್ತೆ ಅನ್ನೋ ಹೆದರಿಕೆ ಆಕೆಗಿತ್ತು. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತಳು.

ಮಾಸ್ತರರು ಪೆನ್ಸಿಲ್ ಕೆಳಗಿಟ್ಟರು. "ಮುಖ ಇರಲಿ ಬಿಡ್ರಿ ಯವ್ವಾ. ಹೊಳಿಯಿಂದ ಮನಿಗೆ ಬರುವಾಗ ಹ್ಯಾಂಗ ಕಾಣತಿದ್ರು ಹೇಳ್ರಿ."

ಆಯಿ ಶುರು ಮಾಡಿದಳು, ನಿಲ್ಲಲಿಲ್ಲ. ಬ್ಯಾರೇಜ್ ಕೆಲಸಕ್ಕೆ ಹೋದ ದಿನ ಮೊಣಕಾಲತನಕ ರಾಡಿ ಒಣಗಿ ಬೂದಿ ಹಚ್ಚಿಕೊಂಡಂಗೆ ಕಾಣುತ್ತಿತ್ತಂತೆ. ಮೈಯಿಂದ ಸಿಮೆಂಟಿನ ವಾಸನೆ. ಇವಳು ರೊಟ್ಟಿ ಬುತ್ತಿ ಕಟ್ಟಿಕೊಂಡು ದಂಡೆಗೆ ಹೋದರೆ ಅಷ್ಟು ಮಂದಿಯಲ್ಲಿ ದೂರದಿಂದಲೇ ಗುರುತು ಹಿಡೀತಿದ್ದಳಂತೆ.

"ಹ್ಯಾಂಗ ಹಿಡೀತಿದ್ದಿ ಆಯಿ?" ಅಂದೆ.

"ಎಡಗಾಲ ಮ್ಯಾಲ ಭಾರ ಹಾಕಿ ನಿಲ್ಲತಿದ್ರು. ಬಲಗಾಲಿಗೆ ಒಮ್ಮಿ ಕೂರಿಗಿ ತಾಳ ಬಡದಿತ್ತು. ಅದಕ್ಕ."

ಮಾಸ್ತರರು ದೊಡ್ಡ ಪ್ರಿಂಟನ್ನು ಆಯಿಯ ಮುಂದೆ ಹಿಡಿದರು. ಬಿಸಿಲಿಗೆ ತಿರುಗಿಸಿದರು. ಆಯಿ ಕನ್ನಡಕ ಏರಿಸಿ ಎಡದಿಂದ ಬಲಕ್ಕೆ ಬೆರಳು ಸರಿಸುತ್ತಾ ಹೋದಳು. ಕಾಕಾ ತೋರಿಸಿದ್ದ ರುಮಾಲಿನ ಗಂಡಸನ್ನು ದಾಟಿ ಬೆರಳು ಮುಂದೆ ಹೋಯಿತು. ಗುಂಪಿನ ತುದಿಯಲ್ಲಿ, ಅರ್ಧ ಕತ್ತರಿಸಿದ ಹಾಗೆ ನಿಂತ ಒಬ್ಬನ ಮೇಲೆ ನಿಂತಿತು.

"ಇವ್ರ."

ನಾವೆಲ್ಲ ಬಗ್ಗಿ ನೋಡಿದೆವು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅವನೊಬ್ಬ ನಮಗೆ ಬೆನ್ನು ಮಾಡಿ ಹೊಳೆ ಕಡೆ ನೋಡುತ್ತಿದ್ದ. ಎಡಗಾಲಿನ ಮೇಲೆ ಭಾರ. ಕೈಯಲ್ಲಿ ಬುಟ್ಟಿ.

ಮುಖ ಅಲ್ಲಿರಲೇ ಇಲ್ಲ. ಪಿಕ್ಸೆಲ್ಲಿನ ಮಾತೇ ಇಲ್ಲ. ನಾನು ಒಂದು ಶನಿವಾರ ಪೂರ್ತಿ ತಿದ್ದಿ ತೀಡಿದ್ದು, ಕಾಕಾ ಫ್ರೇಮ್ ಹಾಕಿಸಲು ಹೊರಟಿದ್ದು, ಮೂರು ಜನ ಡಿಪಿ ಮಾಡಿಕೊಂಡಿದ್ದು ಯಾರೋ ಬೇರೆಯವರನ್ನ.

ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಕಾಕಾ ಎದ್ದು ಹೊರಗೆ ಹೋದ. ಮುತ್ಯಾ ಹೋದಾಗ ಅವನಿಗೆ ಹನ್ನೊಂದು ವರ್ಷ. ಅಪ್ಪನ ಮುಖ ತನಗೆ ನೆನಪಿದೆ ಅಂತ ಇಷ್ಟು ವರ್ಷ ನಂಬಿಕೊಂಡಿದ್ದ. ನಾವು ಯಾರೂ ಅವನ ಹಿಂದೆ ಹೋಗಲಿಲ್ಲ. ಹೋಗಬೇಕಿತ್ತು ಅಂತ ಈಗ ಅನಿಸುತ್ತದೆ.

ಹೊಳಿಗೇನ ಮುಖ ಐತೇನ?

ನನ್ನ ಫೋನಿನಲ್ಲಿದ್ದ ವುಡ್-ಈವನ್ಸ್ ಚಿತ್ರಗಳನ್ನು ಮಾಸ್ತರರಿಗೆ ತೋರಿಸಿದೆ. ಒಂದೊಂದನ್ನೂ ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರು. "ಇಂವಾ ಇದ್ದ ಮುಖಾ ಅಳಸ್ಯಾನ. ನಮಗ ಅಳಸಾಕ ಮುಖಾನ ಇಲ್ಲ. ನಮ್ದ ಕೆಲಸ ಅರ್ಧಾ ಹಗುರಾತು" ಅಂದರು. ಆಮೇಲೆ ಅವರೇ ಒಂದು ದಿನ ಚಿಕ್ಕಪಡಸಲಗಿಗೆ ಹೋಗಿ ದಂಡೆಯಲ್ಲಿ ಕೂತು ಸ್ಕೆಚ್ ಮಾಡಿಕೊಂಡು ಬಂದರಂತೆ.

ಮುಂದಿನ ಸಲ ಊರಿಗೆ ಹೋದಾಗ ಚಿತ್ರ ತಂದರು. ಮುಕ್ಕಾಲು ಪಾಲು ಎರೆಮಣ್ಣಿನ ಬಣ್ಣ. ನಡುವೆ ಬೂದು ನೀರು, ಅಡ್ಡಕ್ಕೆ ಒಂದು ಮುರುಕು ಗೆರೆ, ಅದೇ ಅರ್ಧ ಎದ್ದ ಬ್ಯಾರೇಜ್. ಕೆಳಗೆ ಎಡಮೂಲೆಯಲ್ಲಿ ಮಣ್ಣಿನಿಂದಲೇ ಎದ್ದ ಹಾಗೆ ಎಡಕ್ಕೆ ವಾಲಿದ ಒಂದು ದಪ್ಪ ಗೆರೆ. ಅದರ ತುದಿಗೆ ಬಿಳಿ ಚುಕ್ಕೆ. ಗೊತ್ತಿಲ್ಲದವರು ನೋಡಿದರೆ ದಂಡೆಯ ಮೇಲಿನ ಬೊಡ್ಡೆಯೋ, ಕೊಕ್ಕರೆಯೋ ಅಂದುಕೊಳ್ಳಬೇಕು.

ಆಯಿ ನೋಡಿದಳು. "ರುಮಾಲ ಇಷ್ಟ ಬೆಳ್ಳಗ ಇರ್ತಿರಲಿಲ್ರಿ ಮಾಸ್ತರ."

ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಮಾಸ್ತರರು ಹೆಬ್ಬೆರಳಿನಿಂದ ಬಿಳಿಯ ಮೇಲೆ ಪಕ್ಕದ ಮಣ್ಣು ಎಳೆದರು. "ಈಗ?"

"ಹಾಂ. ಈಗ ಹೊಲದಿಂದ ಬಂದಂಗಾತು."

ಕಾಕಾ ಒಪ್ಪಲಿಲ್ಲ. ಅವನ ಮಾತಿನಲ್ಲೂ ಅರ್ಥ ಇತ್ತು. "ಬಂದ ಮಂದಿ ಕೇಳ್ತಾರ, ಇದೇನ ಅಂತ. ಅಪ್ಪನ ಪುಣ್ಯತಿಥಿಗೆ ಮುಖಾನ ಇಲ್ಲದ ಚಿತ್ರಕ್ಕ ಮಾಲಿ ಹ್ಯಾಂಗ ಹಾಕೂದು?"

ಆಯಿ ಎಲೆ-ಅಡಿಕೆಯ ಚೀಲ ಕಟ್ಟುತ್ತಾ, ಅವನ ಕಡೆ ನೋಡದೆ ಹೇಳಿದಳು: "ವರ್ಷಾ ಹೊಳಿ ತುಂಬಿದ್ರ ಬಾಗಿನಾ ಬಿಡ್ತೀರಿ. ಹೊಳಿಗೇನ ಮುಖ ಐತೇನ?"

ಅವತ್ತೇ ಮೊಳೆ ತುಂಬಿತು.

ನನ್ನ ಕೆಲಸದಲ್ಲಿ ಬ್ಲರ್ ಅಂದರೆ ದೋಷ. ಫಿಕ್ಸ್ ಮಾಡಬೇಕಾದ್ದು. ಈಗ ಅನಿಸೋದು, ಕೆಲವು ಮಸುಕು ನಿಜ ಹೇಳುತ್ತದೆ, ಕೆಲವು ಶಾರ್ಪ್ ಚಿತ್ರ ಸುಳ್ಳು ಹೇಳುತ್ತದೆ. ನನ್ನ ಟೂಲ್ ಕೊಟ್ಟ ಮುಖದಲ್ಲಿ ರೆಪ್ಪೆಯ ಕೂದಲೂ ಎಣಿಸಬಹುದಿತ್ತು, ಆದರೆ ಅದರಲ್ಲಿ ಮುತ್ಯಾ ಇರಲಿಲ್ಲ. ಮಾಸ್ತರರ ಚಿತ್ರದಲ್ಲಿ ಕಣ್ಣೂ ಇಲ್ಲ, ಮೂಗೂ ಇಲ್ಲ. ಆದರೆ ಕೂರಿಗೆ ತಾಳು ಬಡಿದ ಬಲಗಾಲು ಇದೆ.

ಮೊನ್ನೆ ಪುಣ್ಯತಿಥಿಗೆ ಬಂದ ಬೀಗರೊಬ್ಬರು ಗೋಡೆ ನೋಡಿ, "ಸೀನರಿ ಚಲೋ ಐತಿ, ಎಲ್ಲಿ ತಂದ್ರಿ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಎದ್ದ. ಚಿತ್ರದ ಹತ್ತಿರ ಕರೆದುಕೊಂಡು ಹೋಗಿ, ಬೆರಳು ತಾಗಿಸದೆ, ಎಡಮೂಲೆ ತೋರಿಸಿದ. "ಇಲ್ಲಿ ನೋಡ್ರಿ. ನಮ್ಮಪ್ಪ. ಎಡಗಾಲ ಮ್ಯಾಲ ಭಾರ ಹಾಕಿ ನಿಂತಾನ."

ಇನ್ನೊಂದು ಮಾತು ಉಳಿದಿದೆ.

ಆ ಗುಂಪು ಫೋಟೊದಲ್ಲಿ ಹಿಂದಿನ ಸಾಲಿನ ನಡುವೆ ಕ್ಯಾಮೆರಾ ನೋಡುತ್ತಾ ನಿಂತ ರುಮಾಲಿನ ಗಂಡಸು ಯಾರು ಅಂತ ನಮಗಿನ್ನೂ ಗೊತ್ತಾಗಿಲ್ಲ. ಸುತ್ತಲಿನ ಊರಿನ ಗ್ರೂಪುಗಳಿಗೆಲ್ಲ ಕಳಿಸಿದ್ದೇನೆ, ಯಾವ ಟೂಲಿಗೂ ಹಾಕದೆ, ಮಸುಕು ಇದ್ದ ಹಾಗೇ. ಅವನೂ ಯಾರದೋ ಮುತ್ಯಾ. ನಿಮ್ಮ ಮನೆಯಲ್ಲಿ 1989ರಲ್ಲಿ ಚಿಕ್ಕಪಡಸಲಗಿಗೆ ಬುಟ್ಟಿ ಹೊರಲು ಹೋದವರು ಯಾರಾದರೂ ಇದ್ದರೆ, ಅವರನ್ನು ಕಂಡ ಆಯಿ ಇನ್ನೂ ಇದ್ದರೆ, ಮೂಗು ಹೇಗಿತ್ತು ಅಂತ ಕೇಳಬೇಡಿ. ಹೇಗೆ ನಿಲ್ಲುತ್ತಿದ್ದರು ಅಂತ ಕೇಳಿ.